ಹೆಣದ ಪಾತ್ರದಲ್ಲಿ ಅತ್ತೆ

ಎಲ್ಲ ಶುರುವಾದದ್ದು ಒಂದು ನೊಣದಿಂದ.

ಆದರೆ ಅದು ನಮ್ಮ ನಿರ್ದೇಶಕನಿಗೆ ಬೆಳಿಗ್ಗೆ ಏಳುವಾಗ ಗೊತ್ತಿರಲಿಲ್ಲ. ಎದ್ದವನೇ ಮುಖ ಕೂಡ ತೊಳೆಯದೆ ಫೋನು ಹಿಡಿದ. ಮೂರು ವರ್ಷ ಬೆವರು ಸುರಿಸಿ, ಹೆಂಡತಿಯ ಉಳಿತಾಯವನ್ನೂ ಸುರಿಸಿ ಮಾಡಿದ ಸಿನಿಮಾದ ಟ್ರೈಲರನ್ನು ಹಿಂದಿನ ಸಂಜೆ ಅಂತರ್ಜಾಲಕ್ಕೆ ಬಿಟ್ಟಿದ್ದ. ಟ್ರೈಲರಿನಲ್ಲಿ ಒಂದು ಮುಚ್ಚಿದ ಬಾಗಿಲಿತ್ತು. ನಾಲ್ಕು ನಿಮಿಷ ಅದು ಮುಚ್ಚಿಯೇ ಇತ್ತು. ಕೊನೆಗಾದರೂ ತೆರೆದೀತು ಎಂದು ಕಾದವರಿಗೆ ನಿರ್ದೇಶಕನ ಹೆಸರು ಕಾಣಿಸುತ್ತಿತ್ತು. ಅದನ್ನು ನೋಡಿದವರು ಬೆರಳೆಣಿಕೆಯ ಜನ, ಅದರಲ್ಲಿ ಅರ್ಧಕ್ಕರ್ಧ ಅವನೇ, ಬೇರೆ ಬೇರೆ ಫೋನುಗಳಿಂದ.

ಆದರೆ ಅದೇ ಪೇಜಿನಲ್ಲಿ, ಅದೇ ಟ್ರೈಲರಿನ ಕೆಳಗೆ, ಇನ್ನೊಂದು ಪುಟ್ಟ ವಿಡಿಯೋ ಇತ್ತು. ಅದನ್ನು ನೋಡಿದವರ ಸಂಖ್ಯೆ ಓದಲು ಅವನು ಕನ್ನಡಕ ಹುಡುಕಬೇಕಾಯಿತು.

"ಇದನ್ನ ಯಾರೇ ಹಾಕಿದ್ದು?" ಎಂದು ಕೂಗಿದ.

"ನಾನೇ ಹಾಕ್ದೆ ಕಣ್ರೀ," ಎಂದಳು ಹೆಂಡತಿ ಅಡುಗೆಮನೆಯಿಂದ. "ನಿಮ್ಮ ಬಾಗಿಲನ್ನ ಯಾರೂ ನೋಡ್ತಿರ್ಲಿಲ್ಲ. ಪಾಪ, ಒಂದಷ್ಟು ಜನ ಆದ್ರೂ ಬರ್ಲಿ ಅಂತ."

ವಿಡಿಯೋದಲ್ಲಿ ಇದ್ದದ್ದು ಅವನ ಅತ್ತೆ. ಸಿನಿಮಾದಲ್ಲಿ ಒಂದು ಹೆಣದ ಪಾತ್ರವಿತ್ತು. ಕೂಲಿ ಕೊಡದೆ ಸುಮ್ಮನೆ ಮಲಗುವವರು ಬೇರೆ ಯಾರೂ ಸಿಗದೆ ಅತ್ತೆಯನ್ನೇ ಮಲಗಿಸಿದ್ದ. ಚಿತ್ರೀಕರಣದ ದಿನ ಅವರ ಮೂಗಿನ ಮೇಲೆ ನೊಣ ಕೂತಿತು. ಅತ್ತೆ ತುಂಬಾ ಹೊತ್ತು ತಡೆದರು. ಕೊನೆಗೆ ಕಣ್ಣೂ ತೆರೆಯದೆ, ಕೈಯೂ ಎತ್ತದೆ, ಸತ್ತ ಭಂಗಿಯಲ್ಲೇ, "ಅಳಿಯಂದಿರೇ, ನೊಣ ಕೂತಿದೆ. ನೀವೇ ಓಡಿಸ್ತೀರೋ, ನಾನೇ ಎದ್ದು ಓಡಿಸ್ಲೋ?" ಎಂದರು. ಅಷ್ಟೇ ವಿಡಿಯೋ. ಅದನ್ನು ಹೆಂಡತಿ ತನ್ನ ಫೋನಿನಲ್ಲಿ ಹಿಡಿದಿಟ್ಟಿದ್ದಳು. ರಾತ್ರಿ ಕಳೆಯುವಷ್ಟರಲ್ಲಿ ಊರೆಲ್ಲ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ಬುದ್ಧಿ ನೆಟ್ಟಗಿರುವ ಯಾರೇ ಆಗಿದ್ದರೂ ಕುಣಿದಾಡುತ್ತಿದ್ದರು. ಯಾಕೆಂದರೆ ಮಾರನೆಯ ಸಂಜೆ ಊರಿನ ಹಳೆಯ ಚಿತ್ರಮಂದಿರದಲ್ಲಿ ಒಂದು ಆಟ ಖಾಲಿ ಇತ್ತು. ಅದಕ್ಕೆ ಇಬ್ಬರು ಬಾಯಿ ತೆರೆದು ಕಾಯುತ್ತಿದ್ದರು. ಒಬ್ಬ ನಮ್ಮ ನಿರ್ದೇಶಕ. ಇನ್ನೊಬ್ಬ ಮದುವೆ ವಿಡಿಯೋ ತೆಗೆಯುವವನು. ಅವನು ಮದುವೆಗಳ ನಡುವೆ ಬಿಡುವಾದಾಗ ಒಂದು ದೆವ್ವದ ಸಿನಿಮಾ ಮಾಡಿ ಮುಗಿಸಿದ್ದ. ಇಬ್ಬರಲ್ಲಿ ಯಾರ ಸಿನಿಮಾಕ್ಕೆ ಜನ ಬರುತ್ತಾರೆ ಅನ್ನಿಸುತ್ತದೋ ಅವರಿಗೆ ಆಟ ಕೊಡುವುದಾಗಿ ಮಾಲೀಕರು ಹೇಳಿದ್ದರು. ತೀರ್ಮಾನ ಇವತ್ತೇ ಸಂಜೆ. ಸಿಗದಿದ್ದರೆ ಸಿನಿಮಾದ ಹುಚ್ಚು ಬಿಟ್ಟು ಷಡ್ಡಕನ ಪೀಠೋಪಕರಣದ ಅಂಗಡಿಯಲ್ಲಿ ಕೂತು ಬಿಲ್ಲು ಬರೆಯುವುದಾಗಿ ನಿರ್ದೇಶಕ ಹೆಂಡತಿಗೆ ಮಾತು ಕೊಟ್ಟಿದ್ದ. ಷಡ್ಡಕ ಆಗಲೇ ಒಂದು ಕುರ್ಚಿ ತೆಗೆದಿಟ್ಟಿದ್ದ.

ಇಷ್ಟೆಲ್ಲ ಇದ್ದರೂ ನಮ್ಮವನಿಗೆ ಸಂತೋಷವಾಗಲಿಲ್ಲ. ಹೊಟ್ಟೆ ಉರಿಯಿತು. ಮೂರು ವರ್ಷ ನಿದ್ದೆಗೆಟ್ಟವನು ತಾನು, ಒಂದು ಮಧ್ಯಾಹ್ನ ಆರಾಮವಾಗಿ ಮಲಗಿದವರು ಅತ್ತೆ. ಹೆಸರು ಯಾರಿಗೆ ಬಂತು ನೋಡಿ.

ಬ್ರೆಡ್ಡು ತರಲು ಕೆಳಗಿಳಿದರೆ ಕೆಳಮನೆಯ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕರೆದಳು. ಕೊಟ್ಟ ಬಟ್ಟೆಯನ್ನು ಹೇಳಿದ ದಿನ ಕೊಡದಿದ್ದರೂ ಕೇಳಿದ ಸುದ್ದಿಯನ್ನು ಆ ಗಳಿಗೆಯಲ್ಲೇ ಹಂಚುವ ಹೆಂಗಸು ಅವಳು.

"ಡೈರೆಕ್ಟರ್ ಸಾಹೇಬ್ರೇ, ನಿಮ್ಮತ್ತೆ ಏನು ಆ್ಯಕ್ಟಿಂಗ್ ಮಾಡಿದ್ದಾರೆ ಅಂತೀರಿ. ಬೆಳಿಗ್ಗೆಯಿಂದ ಆರು ಸಲ ನೋಡ್ದೆ."

"ಟ್ರೈಲರ್ ನೋಡಿದ್ರಾ?"

"ಯಾವ ಟ್ರೈಲರು?"

"ಬಾಗಿಲಿಂದು."

"ಓ, ಅದಾ. ಅದು ಲೋಡ್ ಆಗ್ತಿದೆ ಅಂದ್ಕೊಂಡೆ," ಎಂದಳು ಟೈಲರಮ್ಮ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ವಾಕಿಂಗ್ ಮುಗಿಸಿ ಬರುತ್ತಿದ್ದವರು ನಿಂತರು. "ನೈಜ ಅಭಿನಯ ಅಂದ್ರೆ ಅದು ಕಣಯ್ಯ. ನಿನ್ನ ಸಿನಿಮಾದಲ್ಲಿ ಜೀವ ಇರೋದು ಆ ಹೆಣಕ್ಕೆ ಮಾತ್ರ," ಎಂದು ಬೆನ್ನು ತಟ್ಟಿದರು. ನಿರ್ದೇಶಕ ಹಲ್ಲು ಕಚ್ಚಿಕೊಂಡು ನಕ್ಕ.

ಬ್ರೆಡ್ಡು ಹಿಡಿದು ವಾಪಸು ಬಂದರೆ ಮನೆ ಬಾಗಿಲಲ್ಲೇ ಒಂದು ಸಣ್ಣ ಸಾಲು. ಅತ್ತೆ ಹೊಸ್ತಿಲ ಮೇಲೆ ಕುರ್ಚಿ ಹಾಕಿಸಿಕೊಂಡು, ತಲೆ ಬಾಚಿ, ಬಂದವರ ಜೊತೆ ಸೆಲ್ಫಿಗೆ ಕೂತಿದ್ದರು. ಜನ ಅವರ ಪಕ್ಕ ನಿಂತು ಕಣ್ಣು ಮುಚ್ಚಿ ನಾಲಿಗೆ ಹೊರಗೆ ಹಾಕುತ್ತಿದ್ದರು. ಒಬ್ಬಳು ಬ್ರೆಡ್ಡು ಹಿಡಿದು ನಿಂತ ನಿರ್ದೇಶಕನ ಕೈಗೆ ಫೋನು ಕೊಟ್ಟು, "ಅಣ್ಣಾ, ನಮ್ಮಿಬ್ಬರದೊಂದು ಫೋಟೋ ತೆಗೀರಿ," ಎಂದಳು. ಅವನು ತೆಗೆದ. "ನೀವು ಈ ಮನೇಲಿ ಕೆಲಸಕ್ಕಿದ್ದೀರಾ?" ಎಂದೂ ಕೇಳಿದಳು.

ಇಷ್ಟು ಸಾಲದು ಅನ್ನುವಂತೆ ಚಿತ್ರಮಂದಿರದ ಮಾಲೀಕರ ಫೋನು ಬಂತು.

"ಆ ನೊಣದ ಅಜ್ಜಿ ಇರೋ ಸಿನಿಮಾ ನಿಮ್ದೇ ಅಂತಲ್ಲ? ನಂಗೆ ಗೊತ್ತೇ ಇರ್ಲಿಲ್ಲ ನೋಡಿ. ಸಂಜೆ ನಾನೇ ನಿಮ್ಮನೆಗೆ ಬರ್ತೀನಿ. ಮಾತಾಡೋಣ."

"ಸರ್, ಟ್ರೈಲರ್ ಬಗ್ಗೆ ತಮ್ಮ ಅಭಿಪ್ರಾಯ..."

"ಅಜ್ಜಿ ಮನೇಲೇ ಇರ್ತಾರೆ ತಾನೇ?" ಎಂದು ಕೇಳಿ ಮಾಲೀಕರು ಫೋನು ಇಟ್ಟರು.

ಅಲ್ಲಿಗೆ ಅವನ ತಾಳ್ಮೆ ಕೈಕೊಟ್ಟಿತು. ನಾಳೆ ಸಿನಿಮಾ ತೆರೆಗೆ ಬಂದರೂ, ಜನ ತುಂಬಿದರೂ, ಅದು ಅತ್ತೆಯ ಸಿನಿಮಾ. ತಾನು ಬ್ರೆಡ್ಡು ತರುವವನು. ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಅವಳ ಫೋನು ತೆಗೆದು ಆ ವಿಡಿಯೋ ಅಳಿಸಿಹಾಕಿದ. ಜನರ ಮನಸ್ಸನ್ನು ಗಂಭೀರ ಕಲೆಯ ಕಡೆ ತಿರುಗಿಸಬೇಕಲ್ಲ, ಆ ಜಾಗದಲ್ಲಿ ಸಿನಿಮಾದ ಒಂದು ಸ್ಥಿರಚಿತ್ರ ಹಾಕಿದ. ಕಪ್ಪುಬಿಳುಪು. ಬಿಳಿ ಹಾಸಿಗೆ, ಸುತ್ತ ಹೂವು, ನಡುವೆ ಕಣ್ಣು ಮುಚ್ಚಿ ಮಲಗಿದ ಅತ್ತೆ, ಕಿಟಕಿಯಿಂದ ಬೀಳುವ ಬೆಳಕು. ಆ ಬೆಳಕಿಗಾಗಿ ಅವನು ಎರಡು ದಿನ ಕಾದಿದ್ದ. ಕೆಳಗೆ ಒಂದಕ್ಷರ ಬರೆಯಲಿಲ್ಲ, ಕಲೆಗೆ ವಿವರಣೆ ಬೇಕಿಲ್ಲ ಎಂಬುದು ಅವನ ಸಿದ್ಧಾಂತ. ಯಾರೂ ನೊಣದ ಮಾತೆತ್ತಬಾರದೆಂದು ಕಮೆಂಟುಗಳನ್ನೂ ಬಂದ್ ಮಾಡಿದ. ಬಾಗಿಲಲ್ಲಿದ್ದ ಸಾಲನ್ನು ಚದುರಿಸಿ, ಏಳಲೊಪ್ಪದ ಅತ್ತೆಯನ್ನು ಹೇಗೋ ಒಳಗೆ ಕರೆದು, ಕದ ಹಾಕಿ, ಸಮಾಧಾನದಿಂದ ಟೀ ಕುಡಿದ.

ಎರಡನೇ ಲೋಟ ಮುಗಿಯುವ ಮೊದಲೇ ಯಾರೋ ದಬದಬ ಬಾಗಿಲು ಬಡಿದರು. ತೆರೆದರೆ ಟೈಲರಮ್ಮ. ಅಳತೆಯ ಟೇಪು ಕುತ್ತಿಗೆಯಲ್ಲೇ ಇತ್ತು, ಕಣ್ಣಲ್ಲಿ ಧಾರಾಕಾರ ನೀರು.

"ಬೆಳಿಗ್ಗೆ ತಾನೇ ಗುಂಡುಕಲ್ಲಿನ ಹಾಗೆ ಕೂತಿದ್ರಲ್ಲ. ಏನಾಯ್ತು? ಹಾರ್ಟಾ?"

ನಿರ್ದೇಶಕನಿಗೆ ತಲೆಬುಡ ತಿಳಿಯಲಿಲ್ಲ. ಫೋನು ನೋಡಿದ. ಅವನು ಹಾಕಿದ ಚಿತ್ರ ಊರೂರು ಸುತ್ತಿ ಬಂದಿತ್ತು. ನಗಿಸುವ ವಿಡಿಯೋ ಇದ್ದಕ್ಕಿದ್ದಂತೆ ಮಾಯ, ಅದರ ಜಾಗದಲ್ಲಿ ಹೂವಿನ ನಡುವೆ ಮಲಗಿದ ಅಜ್ಜಿ, ಮೇಲಿಂದ ಕಮೆಂಟು ಬಂದ್. ಜನ ಇನ್ನೇನು ತಿಳಿಯಬೇಕು? 'ನಿನ್ನೆ ನಗಿಸಿದ ತಾಯಿ ಇಂದು ಇಲ್ಲ' ಎಂದು ಯಾರೋ ಬರೆದಿದ್ದರು. 'ಅವರ ಕೊನೆಯ ಸಿನಿಮಾದ ಟ್ರೈಲರ್ ಇಲ್ಲಿದೆ' ಎಂದು ಇನ್ಯಾರೋ ಕೊಂಡಿ ಹಾಕಿದ್ದರು. ಆ ಮುಚ್ಚಿದ ಬಾಗಿಲನ್ನು ಸಾವಿರಾರು ಜನ ನೋಡುತ್ತಿದ್ದರು. ಅದರಲ್ಲಿ ಅವರಿಗೆ ಈಗ ಗಾಢವಾದ ಅರ್ಥವೂ ಕಾಣಿಸಿತ್ತು.

ಅವನು ಸತ್ಯ ಹೇಳಲೆಂದೇ ಬಾಯಿ ತೆರೆದ. ಇನ್ನೊಮ್ಮೆ ಫೋನು ನೋಡಿದ. ಬಾಯಿ ಮುಚ್ಚಿದ. "ಏನು ಹೇಳ್ಲಿ ಟೈಲರಮ್ಮ," ಎಂದು ನಿಟ್ಟುಸಿರು ಬಿಟ್ಟು ತಲೆ ತಗ್ಗಿಸಿದ. ನೋಡಿ, ಅವನು ಸುಳ್ಳು ಹೇಳಲಿಲ್ಲ. ಮೂರು ವರ್ಷದಿಂದ ಮೌನದ ಬಗ್ಗೆ ಭಾಷಣ ಮಾಡಿದವನು ಅವತ್ತು ಮೊದಲ ಸಲ ಅದನ್ನು ಆಚರಿಸಿದ, ಅಷ್ಟೇ.

ಸ್ನಾನ ಮುಗಿಸಿ ಬಂದ ಹೆಂಡತಿಗೆ ವಿಷಯ ತಿಳಿದು ಅವಳು ಒದ್ದೆ ಟವೆಲನ್ನೇ ಬೀಸಿದಳು.

"ನಮ್ಮಮ್ಮನ್ನ ಬದುಕಿರುವಾಗ್ಲೇ ಸಾಯಿಸಿಬಿಟ್ರಲ್ಲ. ನಾಚಿಕೆ ಆಗಲ್ವಾ?"

"ನಾಳೆ ಸಂಜೆವರೆಗೆ ಕಣೇ. ಸಿನಿಮಾ ಮುಗಿದ ಮೇಲೆ ಬದುಕಿಸೋಣ."

"ಯಾಕ್ರೀ ಆ ವಿಡಿಯೋ ತೆಗೆದ್ರಿ? ಚೆನ್ನಾಗೇ ಓಡ್ತಿತ್ತಲ್ಲ."

ಅವನು ಟೀ ಲೋಟ ಎತ್ತಿಕೊಂಡ. ಅವಳಿಗೆ ಉತ್ತರ ಬೇಕಾಗಿಯೂ ಇರಲಿಲ್ಲ. ಗಂಡನ ಮುಖ ನೋಡಿದರೆ ಸಾಕು, ಅವನ ಹೊಟ್ಟೆಯಲ್ಲಿ ಏನು ಉರಿಯುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಮೂಲೆಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದ ಅತ್ತೆ ಇಬ್ಬರನ್ನೂ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು, ತಮ್ಮ ಸಾವಿಗೆ ಯಾರ್ಯಾರು ಎಷ್ಟೆಷ್ಟು ಅತ್ತಿದ್ದಾರೆಂದು ಓದತೊಡಗಿದರು.

ಬಂದವರನ್ನೆಲ್ಲ ನಿರ್ದೇಶಕ ಬಾಗಿಲಲ್ಲೇ ತಡೆದ. "ದೊಡ್ಡ ಮಗಳು ದೂರದಿಂದ ಬರಬೇಕು. ನಾಳೆವರೆಗೆ ಯಾರೂ ಒಳಗೆ ಬರೋದು ಬೇಡ," ಎಂದ. ಮೇಷ್ಟ್ರು ಹೂವು ತಂದರು. ಟೈಲರಮ್ಮ ಅಂಗಡಿಗೆ ರಜ ಹಾಕಿ ಮೆಟ್ಟಿಲ ಮೇಲೆ ಕೂತು ಬಂದವರಿಗೆಲ್ಲ ಕೊನೆಯ ಗಳಿಗೆಯ ವರ್ಣನೆ ಕೊಡತೊಡಗಿದಳು. ಅವಳ ಪ್ರಕಾರ ಅತ್ತೆ ಅವಳ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದರು.

ಇಷ್ಟಾದ ಮೇಲಾದರೂ ಅವನ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಎಲ್ಲಿ ನೋಡಿದರೂ ಅಜ್ಜಿ, ಅಜ್ಜಿ, ಅಜ್ಜಿ. ಬದುಕಿದ್ದಾಗ ಒಂದು ಪಾಲು ಇದ್ದ ಹೆಸರು ಸತ್ತ ಮೇಲೆ ನಾಲ್ಕು ಪಾಲಾಗಿತ್ತು. ತಡೆಯಲಾರದೆ ಸುಳ್ಳು ಹೆಸರಿನ ಖಾತೆಯೊಂದರಿಂದ, 'ಇದರ ನಿರ್ದೇಶಕರೂ ಪ್ರತಿಭಾವಂತರು' ಎಂದು ಒಂದು ಕಡೆ ಬರೆದ. 'ಸಾವಿನ ಮನೇಲೂ ಪ್ರಚಾರಾನಾ? ಥೂ' ಎಂದು ಉತ್ತರ ಬಂತು. ಅದಕ್ಕೆ ಬಿದ್ದ ಲೈಕುಗಳು ಅವನ ಟ್ರೈಲರಿಗೆ ಯಾವತ್ತೂ ಬಿದ್ದಿರಲಿಲ್ಲ.

ಮಧ್ಯಾಹ್ನ ಬೀದಿಯ ಕೊನೆಯಲ್ಲಿ ಮೈಕು ಹಿಡಿದು ಸುದ್ದಿ ವಿಡಿಯೋ ಮಾಡುವವನೊಬ್ಬ ನಿರ್ದೇಶಕರ ಸಂದರ್ಶನ ಬೇಕೆಂದ. ಇವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓಡಿದ. ಬಾಗಿಲು ಎಂಬ ರೂಪಕದ ಬಗ್ಗೆ ಬಹಳ ಹೊತ್ತು ಮಾತಾಡಿದ. ಮೈಕಿನವನು ತಾಳ್ಮೆಯಿಂದ ಕೇಳಿ, ಕೊನೆಗೆ, "ಅದಿರ್ಲಿ ಸರ್, ಅಜ್ಜಿ ಕೊನೇದಾಗಿ ಏನು ಹೇಳಿದ್ರು?" ಎಂದ. ಪ್ರಸಾರವಾದದ್ದು ನಿರ್ದೇಶಕ ಕಕ್ಕಾಬಿಕ್ಕಿಯಾಗಿ ಕಣ್ಣು ಬಿಟ್ಟ ಆ ಒಂದು ಕ್ಷಣ ಮಾತ್ರ. ಕೆಳಗೆ 'ದುಃಖದಲ್ಲಿ ಮಾತು ಕಳೆದುಕೊಂಡ ಅಳಿಯ' ಎಂದು ಬರೆದಿತ್ತು.

ಅವನು ಕುದಿಯುತ್ತಲೇ ಮನೆಗೆ ಬಂದ. ಆಗ ಮಾಲೀಕರ ಸಂದೇಶ ಬಂತು. ಸುದ್ದಿ ಕೇಳಿ ಮನಸ್ಸು ಕಲಕಿದೆ, ಸಂಜೆ ಹೇಗೂ ಬರುವವನಿದ್ದೆ, ಬಂದು ಅಂತಿಮ ದರ್ಶನ ಪಡೆಯುತ್ತೇನೆ ಎಂದು ಬರೆದಿದ್ದರು.

ನಿರ್ದೇಶಕ ಸಂದೇಶವನ್ನು ಎರಡು ಸಲ ಓದಿದ. ಎಲ್ಲರನ್ನೂ ಬಾಗಿಲಲ್ಲಿ ತಡೆಯಬಹುದು, ಮಾಲೀಕರನ್ನು ತಡೆಯುವುದು ಹೇಗೆ? ಅತ್ತೆಯ ಎದುರು ಹೋಗಿ ನಿಂತು ಕೈಕೈ ಹಿಸುಕಿಕೊಂಡ.

"ಅತ್ತೆ, ಒಂದು ಹತ್ತು ನಿಮಿಷ... ಮತ್ತೆ ಒಂದ್ಸಲ... ಆ ಪಾತ್ರ..."

"ಸಾಯ್ಬೇಕಾ? ಆಗ್ಲಿ ಬಿಡಿ ಅಳಿಯಂದಿರೇ," ಎಂದರು ಅತ್ತೆ.

ಅವನಿಗೇ ಆಶ್ಚರ್ಯವಾಯಿತು. ಬೆಳಿಗ್ಗೆ ಹೊಸ್ತಿಲು ಬಿಟ್ಟು ಏಳಲು ಒಪ್ಪದಿದ್ದ ಹೆಂಗಸು ಈಗ ತಾವಾಗಿ ಬಿಳಿ ಹೊದಿಕೆ ತೆಗೆದುಕೊಟ್ಟರು. ಮುಖಕ್ಕೆ ಪೌಡರು ಹಚ್ಚಿಸಿಕೊಂಡರು. ದಿಂಬು ಸ್ವಲ್ಪ ಎಡಕ್ಕೆ ಇರಲಿ, ಬೆಳಕು ಈ ಕಡೆಯಿಂದ ಬೀಳುತ್ತದೆ ಎಂದು ಅವನಿಗೇ ಹೇಳಿಕೊಟ್ಟರು. ಹೆಂಡತಿಯೂ ಜಗಳವಾಡದೆ ಮೇಷ್ಟ್ರು ತಂದ ಹೂವನ್ನು ಸುತ್ತ ಹರಡಿದಳು. ಕಷ್ಟಕಾಲದಲ್ಲಿ ಮನೆಯವರು ಒಂದಾಗುವುದೆಂದರೆ ಇದೇ ಎಂದುಕೊಂಡ ನಿರ್ದೇಶಕ. ಅವನ ಕಣ್ಣು ತುಸು ತೇವವೂ ಆಯಿತು.

ಮಾಲೀಕರು ಬಂದರು. ದೊಡ್ಡ ಶರೀರ, ಸಣ್ಣ ದನಿ. ಅವರ ಬೆನ್ನಿಗೇ, ಬೇಡವೆಂದರೂ ಕೇಳದೆ, ಮೇಷ್ಟ್ರು ಮತ್ತು ಟೈಲರಮ್ಮ ಒಳಗೆ ನುಗ್ಗಿದರು. ಹೆಂಡತಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಗೊರಗಿದ್ದಳು. ಅವಳ ಭುಜಗಳು ಕುಲುಕುತ್ತಿದ್ದವು. ಅದು ಅಳುವಲ್ಲ ಎಂದು ಗೊತ್ತಿದ್ದದ್ದು ನಿರ್ದೇಶಕನಿಗೆ ಮಾತ್ರ.

ಹಾಸಿಗೆಯ ಮೇಲೆ ಅತ್ತೆ ಸತ್ತಿದ್ದರು. ಹಾಗೆನ್ನದೆ ಬೇರೆ ದಾರಿಯಿಲ್ಲ. ರೆಪ್ಪೆ ಅಲುಗಲಿಲ್ಲ, ಎದೆ ಏರಲಿಲ್ಲ, ಬಾಯಿ ಒಂದಿಷ್ಟೇ ತೆರೆದು ನಿಂತಿತ್ತು. ಚಿತ್ರೀಕರಣದ ದಿನ ಬೇಡಿ ಬೇಡಿ ಸಿಗದ ಅಭಿನಯ ಇದು. ನಿರ್ದೇಶಕನಿಗೆ ಈ ಹೊತ್ತಿನಲ್ಲೂ ಒಳಗೆಲ್ಲೋ ಚುರುಕ್ಕೆಂದಿತು.

ಮಾಲೀಕರು ಕಣ್ಣೊರೆಸಿಕೊಂಡು, ಅವನ ಭುಜದ ಮೇಲೆ ಕೈಯಿಟ್ಟರು.

"ನನ್ನ ಮನಸ್ಸಲ್ಲಿ ಏನಿತ್ತು ಗೊತ್ತೇನಪ್ಪಾ? ನಾಳೆ ಸಂಜೆದು ಒಂದೇ ಅಲ್ಲ, ಇಡೀ ವಾರ ನಿಮ್ಮ ಸಿನಿಮಾನೇ ಹಾಕೋಣ ಅಂತ. ಅದನ್ನ ಹೇಳೋಕೇ ಇವತ್ತು ಬರೋನಿದ್ದೆ."

"ಸರ್," ಎಂದ ನಿರ್ದೇಶಕ.

"ಅಜ್ಜೀನ ಚಿತ್ರಮಂದಿರದ ಬಾಗಿಲಲ್ಲಿ ಕೂರಿಸ್ಬೇಕು ಅಂತಿದ್ದೆ. ಟಿಕೆಟ್ ತಗೊಂಡೋರಿಗೆ ಅವರ ಜೊತೆ ಒಂದು ಫೋಟೋ. ಅವರನ್ನ ನೋಡೋಕೇ ಜನ ಬರ್ತಿದ್ರು. ಈಗ ಇವರೇ ಇಲ್ಲ ಅಂದ್ಮೇಲೆ ನಾಲ್ಕು ನಿಮಿಷ ಆ ಬಾಗಿಲು ನೋಡೋಕೆ ಯಾರಪ್ಪಾ ಬರ್ತಾರೆ? ನೆಟ್‌ನಲ್ಲಿ ಅಳೋರು ಮನೇಲೇ ಕೂತು ಅಳ್ತಾರೆ. ಬರೋ ದಾರೀಲೇ ಮದುವೆ ವಿಡಿಯೋದವನಿಗೆ ಫೋನ್ ಮಾಡಿ, ಆಟ ನಿಂದೇ ಅಂತ ಹೇಳ್ಬಿಟ್ಟೆ. ಬೇಜಾರು ಮಾಡ್ಕೋಬೇಡ."

ನಿರ್ದೇಶಕ ಮಾಲೀಕರನ್ನು ನೋಡಿದ, ಅತ್ತೆಯನ್ನು ನೋಡಿದ. ಮಾನ ಹೋದರೆ ಹೋಗಲಿ ಎಂದು ತೀರ್ಮಾನಿಸಿದ.

"ಸರ್, ಅವರು ಬದುಕಿದ್ದಾರೆ."

"ಕಲಾವಿದರು ಸಾಯಲ್ಲ ಕಣಪ್ಪಾ," ಎಂದರು ಮಾಲೀಕರು ಮೆಲ್ಲಗೆ.

"ಹಾಗಲ್ಲ ಸರ್, ನಿಜವಾಗ್ಲೂ ಬದುಕಿದ್ದಾರೆ. ಇದೆಲ್ಲ ನಾಟಕ. ಅತ್ತೆ, ಏಳಿ. ಸಾಕು, ಏಳಿ. ಆಟ ಕೊಡ್ತಾರಂತೆ."

ಅತ್ತೆ ಏಳಲಿಲ್ಲ.

ಅವನು ಭುಜ ಹಿಡಿದು ಅಲುಗಾಡಿಸಿದ. ತಲೆ ದಿಂಬಿನಿಂದ ಜಾರಿ ಪಕ್ಕಕ್ಕೆ ವಾಲಿತು, ಅಷ್ಟೇ. ಅಂಗಾಲಿಗೆ ಕಚಗುಳಿಯಿಟ್ಟ. ಬೆರಳೂ ಮಿಡುಕಲಿಲ್ಲ. ಒಂದು ಕ್ಷಣ ಅವನಿಗೇ ಭಯವಾಗಿ ಮೂಗಿನ ಬಳಿ ಬೆರಳಿಟ್ಟ. ಬಿಸಿ ಉಸಿರು ತಗುಲಿತು. "ಉಸಿರಿದೆ, ಬೇಕಾದ್ರೆ ನೀವೇ ನೋಡಿ ಸರ್," ಎಂದು ಮಾಲೀಕರ ಕೈ ಹಿಡಿದೆಳೆದ. ಮಾಲೀಕರು ಗಾಬರಿಯಿಂದ ಹಿಂದೆ ಸರಿದರು. ಮೇಷ್ಟ್ರು ಒಂದು ರಟ್ಟೆ ಹಿಡಿದರು, ಟೈಲರಮ್ಮ ಇನ್ನೊಂದು.

"ಸತ್ತೋರ ಮೈ ಹಾಗೆಲ್ಲ ಎಳೀಬಾರ್ದು ಕಣಯ್ಯ," ಎಂದರು ಮೇಷ್ಟ್ರು.

"ಅತ್ತೆ ಅಂದ್ರೆ ಪ್ರಾಣ ಇವರಿಗೆ. ಬೆಳಿಗ್ಗೆ ಬ್ರೆಡ್ಡು ತಗೊಂಡು ಹೋಗ್ತಿದ್ದ ಮುಖ ಇನ್ನೂ ನನ್ನ ಕಣ್ಣಲ್ಲಿದೆ," ಎಂದು ಟೈಲರಮ್ಮ ಬಿಕ್ಕಿದಳು.

ಅವನನ್ನು ಪಕ್ಕದ ಕೋಣೆಗೆ ಎಳೆದೊಯ್ದು, ತಲೆಗೆ ತಣ್ಣೀರು ತಟ್ಟಿ, ಕೂರಿಸಿದರು. ಹುಷಾರಾಗಿ ನೋಡಿಕೊಳ್ಳಮ್ಮ ಎಂದು ಹೆಂಡತಿಗೆ ಹೇಳಿ ಮಾಲೀಕರು ಹೊರಟುಹೋದರು. ಹಿಂದೆಯೇ ಉಳಿದಿಬ್ಬರೂ ಹೋದರು. ಹೆಂಡತಿ ಕದ ಹಾಕಿ ಚಿಲಕ ಸರಿಸಿದ ಸದ್ದು ಕೇಳಿಸಿತು.

ನಿರ್ದೇಶಕ ಎದ್ದು ಬಂದು ನೋಡುತ್ತಾನೆ, ಅತ್ತೆ ಹಾಸಿಗೆಯ ಮೇಲೆ ಎದ್ದು ಕೂತು ಕೂದಲಲ್ಲಿ ಸಿಕ್ಕಿಕೊಂಡ ಹೂವು ಬಿಡಿಸಿಕೊಳ್ಳುತ್ತಿದ್ದಾರೆ.

"ಯಾಕೆ ಏಳ್ಲಿಲ್ಲ?" ಎಂದ. "ಇಡೀ ವಾರ ಕೊಡೋರಿದ್ರು. ನಿಮ್ಮನ್ನ ನೋಡಿದ್ರೆ ಸಾಕಿತ್ತು. ಯಾಕೆ ಅತ್ತೆ?"

"ಮಧ್ಯಾಹ್ನ ನೀವು ಮೈಕಿನವನ ಹತ್ರ ಹೋಗಿದ್ರಲ್ಲ, ಆಗ ಆ ಮದುವೆ ವಿಡಿಯೋ ಹುಡುಗ ಹಿಂದಿನ ಮೆಟ್ಟಿಲು ಹತ್ತಿ ಹಿತ್ತಲ ಬಾಗಿಲಿಂದ ಬಂದಿದ್ದ," ಎಂದರು ಅತ್ತೆ. "ಪಾಪ, ನಿಜವಾಗ್ಲೂ ದುಃಖಪಟ್ಟು ಬಂದಿದ್ದ. ನಾನು ಟೀ ಕುಡೀತಾ ಕೂತಿದ್ದು ನೋಡಿ ಕಿರುಚಿಬಿಟ್ಟ. ಆಮೇಲೆ ಕೂತು ಯೋಚನೆ ಮಾಡ್ದ. ದೆವ್ವದ ಸಿನಿಮಾಕ್ಕೆ ಬಾಗಿಲಲ್ಲಿ ನಿಲ್ಲೋಕೆ ನನ್ನಂಥೋರು ಇನ್ನೆಲ್ಲಿ ಸಿಗ್ತಾರೆ, ನೀವೇ ಹೇಳಿ. ಊರಿಗೆಲ್ಲ ಗೊತ್ತು ನಾನು ಸತ್ತಿದ್ದೀನಿ ಅಂತ. ನಾಳೆವರೆಗೆ ಸತ್ತೇ ಇರ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಕೊಟ್ಟ ಮಾತು ಹೇಗೆ ತಪ್ಪೋದು?"

"ನಿಮ್ಮ ಸ್ವಂತ ಅಳಿಯ ನಾನು."

"ನನ್ನ ವಿಡಿಯೋ ಅಳಿಸಿಹಾಕಿದ್ದೂ ನೀವೇ ತಾನೇ?"

ನಿರ್ದೇಶಕ ತಿರುಗಿದ. ಹೆಂಡತಿ ಬಾಗಿಲಿಗೊರಗಿ ನಿಂತು ಅವನನ್ನೇ ನೋಡುತ್ತಿದ್ದಳು. ಹಿತ್ತಲ ಬಾಗಿಲು ತೆರೆದವಳು ಯಾರು ಎಂದು ಅವನು ಕೇಳಲಿಲ್ಲ.

"ಬೇಜಾರು ಮಾಡ್ಕೋಬೇಡಿ," ಎಂದರು ಅತ್ತೆ, ಈಗ ಸ್ವಲ್ಪ ಮೃದುವಾಗಿ. "ನಿಮ್ಮ ಸಿನಿಮಾದಲ್ಲಿ ನಂಗೆ ಒಂದು ಮಾತೂ ಇರ್ಲಿಲ್ಲ. ಅವನು ಜನರ ಮುಂದೆ ಹೇಳೋಕೆ ನಾಲ್ಕು ಮಾತು ಬರ್ದು ಕೊಟ್ಟಿದ್ದಾನೆ. ನಾಳಿದ್ದು ಇನ್ನೊಂದು ವಿಡಿಯೋನೂ ಇದೆಯಂತೆ."

ಅವರು ಹಾಸಿಗೆಯಿಂದ ಇಳಿದು, ಬಿಳಿ ಹೊದಿಕೆಯನ್ನು ಜೋಪಾನವಾಗಿ ಮಡಚಿಟ್ಟರು. ನಾಳೆ ಅದೇ ಬೇಕಲ್ಲ. ಆಮೇಲೆ ಏನೋ ನೆನಪಾದವರಂತೆ ತಿರುಗಿದರು.

"ಅಂದ ಹಾಗೆ ಅಳಿಯಂದಿರೇ, ನಾಳೆ ಸಂಜೆ ಚಿತ್ರಮಂದಿರದ ಹತ್ರ ನಿಮ್ಮ ಸ್ಕೂಟರಲ್ಲಿ ಸ್ವಲ್ಪ ಬಿಡ್ತೀರಾ? ಸತ್ತೋರನ್ನ ಯಾವ ಟ್ಯಾಕ್ಸಿಯವನು ಹತ್ತಿಸ್ಕೋತಾನೆ?"